ಇಳಿಯುವವರಿಗೆ ಇಟ್ಟ ಎಲೆ

ಬೆಟ್ಟದ ಬುಡದಲ್ಲಿ ನಿಂತು ಇಳಿಜಾರು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳುವ ಆಟವೊಂದನ್ನು ನಾನು ಒಬ್ಬನೇ ಆಡುತ್ತಿದ್ದೆ. ಮೊದಲು ಕಣ್ಣು ಹೇಳಿದ್ದನ್ನು ಬರೆದುಕೊಳ್ಳುವುದು, ಆಮೇಲೆ ಕ್ಲೈನೋಮೀಟರ್ ಇಟ್ಟು ಕೋನ ಅಳೆಯುವುದು. ಕಣ್ಣು ಮೂವತ್ತೈದು ಡಿಗ್ರಿ ಎಂದರೆ ಯಂತ್ರ ಹದಿನೆಂಟು ಎನ್ನುತ್ತಿತ್ತು. ಬೆಳಿಗ್ಗೆ ಮುದ್ದೆ ಉಂಡು ಬಂದಾಗ ಇಪ್ಪತ್ತೈದು ಎಂದಿದ್ದ ಅದೇ ಕಣ್ಣು, ಸಂಜೆ ಕಾಲು ಸೋತು ನಿಂತಾಗ ಅದೇ ಇಳಿಜಾರನ್ನು ನಲವತ್ತು ಎನ್ನುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎಂಬುದು ಗಾದೆ. ಹತ್ತಿರದ ಬೆಟ್ಟ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ, ಕಾಲಿನ ದಣಿವೂ ಕಣ್ಣಿನ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಇಷ್ಟೆಲ್ಲ ತಿಳಿದಿದ್ದ ನಾನು ಮನುಷ್ಯರ ವಿಷಯದಲ್ಲಿ ಮಾತ್ರ ನನ್ನ ಕಣ್ಣನ್ನು ಒಮ್ಮೆಯೂ ತಾಳೆ ನೋಡಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಅಂಚೆಟ್ಟಿ ಕಡೆಯ ಕಾಡುಬೆಟ್ಟಗಳ ಹಳೆಯ ನಕ್ಷೆಯನ್ನು ತಿದ್ದಲು ಸರ್ವೆಯವರು ನಮ್ಮ ತಂಡವನ್ನು ಕಳಿಸಿದ್ದರು. ಚಿತ್ತೆ ಮಳೆಯ ದಿನಗಳು. ಕ್ಯಾಂಪಿನ ಅರ್ಧ ಜನ ಚಳಿಜ್ವರದಲ್ಲಿ ಮಲಗಿದ್ದರು. ಸಾಮಾನು ಹೊರಲು ನನ್ನ ಪಾಲಿಗೆ ಉಳಿದವನು ಒಬ್ಬನೇ ಖಲಾಸಿ. ಕೃಷ್ಣಗಿರಿಯವನು, ಮನೆಮಾತು ತಮಿಳು, ಗಟ್ಟಿ ಆಳು, ಬಾಯಿ ಮಾತ್ರ ಸ್ವಲ್ಪ ಸಡಿಲ.

ನಮ್ಮ ಕೆಲಸವೆಲ್ಲ ಒಂದು ಹಲಗೆಯ ಮೇಲೆ. ಅದರ ಮೇಲೆ ದಪ್ಪ ಕಾಗದ ಅಂಟಿಸಿರುತ್ತಾರೆ. ಬೆಟ್ಟದ ತುದಿಗೆ ಹೋಗಿ ಹಲಗೆಯನ್ನು ಮುಕ್ಕಾಲಿಯ ಮೇಲೆ ಕೂರಿಸಿ, ದಿಕ್ಸೂಚಿ ನೋಡಿ ದಿಕ್ಕು ಹೊಂದಿಸಿ, ಮೇಲೆ ನೋಟದ ಪಟ್ಟಿ ಇಟ್ಟು, ಎದುರಿನ ಶಿಖರ, ಗುಡಿಯ ಗೋಪುರ, ಕೆರೆಯ ಏರಿ ಇವುಗಳ ಕಡೆಗೆ ಒಂದೊಂದೇ ಗೆರೆ ಎಳೆಯಬೇಕು. ಹತ್ತಾರು ಬೆಟ್ಟಗಳಿಂದ ಎಳೆದ ಗೆರೆಗಳು ಕೂಡಿದಲ್ಲಿ ನಕ್ಷೆ ಹುಟ್ಟುತ್ತದೆ. ಒಂದು ತಿಂಗಳ ದುಡಿಮೆ ಒಂದೇ ಕಾಗದದ ಮೇಲಿರುತ್ತದೆ. ಮಳೆ ಬಿದ್ದರೆ ಕಾಗದ ಉಬ್ಬಿ, ಗೆರೆ ಜರುಗಿ, ಎಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಹಲಗೆಗೆ ಮೇಣದ ಬಟ್ಟೆಯ ಹೊದಿಕೆ ಹಾಕಿ, ಹಸುಗೂಸಿನ ಹಾಗೆ ಹೊತ್ತು ತಿರುಗುತ್ತಿದ್ದೆವು.

ನಾವು ಬೆಟ್ಟ ಹತ್ತುವ ಹಿಂದಿನ ದಿನ ಕಾಡಿನ ರೇಂಜರು ಕ್ಯಾಂಪಿಗೆ ಬಂದರು. ಗಂಧದ ಮರ ಕಡಿಯುವ ಕಳ್ಳರಿಂದ ಅವರಿಗೆ ನಿದ್ದೆಯಿಲ್ಲ.

“ಕಳ್ಳರು ಹೊರಗಿನವರು. ದಾರಿ ತೋರಿಸೋರು ಮಾತ್ರ ಈ ಹಳ್ಳಿಯವರೇ. ಬೆಟ್ಟದ ಮೇಲೆ ಏನಾದ್ರೂ ಗುರುತು ಕಂಡ್ರೆ, ಮುರಿದ ಕೊಂಬೆ, ಜೋಡಿಸಿದ ಕಲ್ಲು, ನಂಗೆ ತಿಳಿಸಿ. ಉಳಿದದ್ದು ನಾನು ನೋಡ್ಕೋತೀನಿ” ಎಂದರು.

ಉಳಿದದ್ದು ಏನೆಂದು ಕೇಳಬೇಕಾಗಿರಲಿಲ್ಲ. ಹಿಂದಿನ ತಿಂಗಳು ಹೀಗೇ ಹಿಡಿದೊಯ್ದ ಒಬ್ಬ ರೈತ ಇನ್ನೂ ಲಾಕಪ್ಪಿನಲ್ಲಿದ್ದ. ಅವನ ಹೊಲದ ರಾಗಿಯನ್ನು ಕಾಡುಹಂದಿ ತಿಂದು ಮುಗಿಸಿತ್ತು.

ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಮತ್ತಿಗಿರಿಯ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನನಗೆ ಹೆಸರಿತ್ತು. ಸರ್ವೆ ಕೆಲಸ ಆ ಗುಣಕ್ಕೆ ಸಂಬಳ ಕೊಟ್ಟಿತು. ಎಳೆದ ಗೆರೆಯನ್ನು ಇನ್ನೊಂದು ಗೆರೆಯಿಂದ ಅನುಮಾನಿಸು, ಆ ಗೆರೆಯನ್ನು ಮೂರನೆಯದರಿಂದ ಅನುಮಾನಿಸು ಎಂಬುದೇ ನಮ್ಮ ವಿದ್ಯೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಖಲಾಸಿಗೆ ದಿನಕ್ಕೊಮ್ಮೆ ಹೇಳುತ್ತಿದ್ದೆ. ಅದರ ಎರಡನೆಯ ಅರ್ಧವನ್ನು ಆ ಬೆಟ್ಟದ ಮೇಲೆ ನಾನೇ ಮರೆತೆ.

ಮರುದಿನ ಬೆಳಿಗ್ಗೆ ನಮಗೆ ದಾರಿ ತೋರಿಸಲು ಊರಿನವರು ಒಬ್ಬ ದಾರಿಗಾರನನ್ನು ಕಳಿಸಿದರು. ಐವತ್ತು ದಾಟಿದ ರೈತ. ರಾಗಿ, ಹುರುಳಿ ಬೆಳೆಯುವವನು. ನಾಲ್ಕು ದನಗಳನ್ನು ರೇಂಜರ ಚೀಟಿ ಪಡೆದು ಬೆಟ್ಟದ ಮೇಲೆ ಮೇಯಿಸಿಕೊಂಡಿದ್ದವನು. ಹೆಗಲಿಗೆ ಕಂಬಳಿ, ಸೊಂಟಕ್ಕೆ ಮಚ್ಚು, ಕೈಯಲ್ಲಿ ನೀರು ತುಂಬಿದ ಸೋರೆಬುರುಡೆ. ಕಾಲಿಗೆ ಏನೂ ಇಲ್ಲ. ನನ್ನ ಮೊಳೆ ಹೊಡೆದ ಬೂಟನ್ನು ಒಂದು ಸಲ ನೋಡಿ, “ಇದು ಬಂಡೆ ಮ್ಯಾಗೆ ಬರಾಕಿಲ್ಲ ಸಾಮಿ” ಎಂದ. ಸರ್ಕಾರದ ಬೂಟಿಗೆ ಇವನು ಯಾರು ಹೆಸರಿಡಲು ಎಂದುಕೊಂಡು ಲೇಸನ್ನು ಇನ್ನಷ್ಟು ಬಿಗಿದೆ.

ನಾವು ಹತ್ತಬೇಕಿದ್ದುದು ಆ ಸಾಲಿನಲ್ಲೇ ದೊಡ್ಡ ಬೆಟ್ಟ. ಕೆಳಗರ್ಧ ಕುರುಚಲು ಕಾಡು, ನಡುವೆ ಬೋಳು ಬಂಡೆ, ಬಂಡೆಯ ಮೇಲೆ ಮತ್ತೆ ಪೊದೆ, ತುದಿಯಲ್ಲಿ ಗುಂಡುಕಲ್ಲುಗಳು. ಅವನು ಮುಂದೆ, ಖಲಾಸಿ ನಡುವೆ, ನಾನು ಹಿಂದೆ. ನೇರ ದಾರಿ ಕಣ್ಣಿಗೆ ಕಾಣುತ್ತಿದ್ದರೂ ಅವನು ಬಳಸುದಾರಿ ಹಿಡಿದ. ಅದು ಮೊದಲನೆಯ ಅನುಮಾನ. ಎರಡನೆಯದು ಅವನ ಕತ್ತು. ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ, ಪೂರ್ತಿ ಹಿಂದಕ್ಕೆ ತಿರುಗುತ್ತಿದ್ದ, ನಮ್ಮ ತಲೆಯ ಮೇಲಿಂದ ಕೆಳಗಿನ ಕಾಡನ್ನು ಒಂದು ಗಳಿಗೆ ದಿಟ್ಟಿಸುತ್ತಿದ್ದ, ಮತ್ತೆ ನಡೆಯುತ್ತಿದ್ದ. ದಣಿವಾರಿಸಿಕೊಳ್ಳುವವನು ಹಾಗೆ ನೋಡುವುದಿಲ್ಲ. ಯಾರೋ ಬರಬೇಕಾದವರನ್ನು ಕಾಯುವವನು ಹಾಗೆ ನೋಡುತ್ತಾನೆ.

“ಏನಯ್ಯಾ, ಹಿಂದೆ ಯಾರಾದ್ರೂ ಬರ್ತಾವ್ರಾ?” ಎಂದೆ.

“ಯಾರೂ ಇಲ್ಲ ಸಾಮಿ” ಎಂದು ಬೆಚ್ಚಿದವನ ಹಾಗೆ ಮುಂದಕ್ಕೆ ತಿರುಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೆ ನೆನಪಾಯಿತು.

ಮೂರನೆಯದನ್ನು ನೋಡಿದ್ದು ಆಕಸ್ಮಿಕ. ಬಂದ ದಿಕ್ಕಿಗೆ ಒಂದು ಗೆರೆ ಎಳೆದುಕೊಳ್ಳೋಣ ಎಂದು ನಾನೂ ಒಂದು ಕಡೆ ಹಿಂದಕ್ಕೆ ತಿರುಗಿದೆ. ಆಗಷ್ಟೇ ದಾಟಿ ಬಂದ ಕಲ್ಲಿನ ಬೆನ್ನ ಮೇಲೆ ಒಂದು ಅಗಲ ಎಲೆ ಮಗುಚಿ ಬಿದ್ದಿತ್ತು. ಎಲೆಯ ಹಿಂಬದಿಯ ಬಿಳುಪು ಹಸಿರಿನ ನಡುವೆ ಎದ್ದು ಕಾಣುತ್ತಿತ್ತು. ತೊಟ್ಟು ಕೆಳಗಿನ ದಾರಿಯ ಕಡೆಗೆ. ಹಾರಿಹೋಗದಂತೆ ಮೇಲೊಂದು ಕಲ್ಲುಹರಳು. ಗಾಳಿಗೆ ಬಿದ್ದ ಎಲೆ ತನ್ನ ಮೇಲೆ ತಾನೇ ಕಲ್ಲು ಹೇರಿಕೊಳ್ಳುವುದಿಲ್ಲ. ಇನ್ನೂ ಸೋಜಿಗವೆಂದರೆ, ಅದನ್ನು ಇಟ್ಟಿದ್ದು ಕಲ್ಲಿನ ಮೇಲ್ಬದಿಗೆ. ಹತ್ತಿ ಬರುವವನಿಗೆ ಅದು ಕಾಣುವಂತಿರಲಿಲ್ಲ. ನಾವು ನೋಡಬಾರದೆಂದೇ ಮರೆಯಲ್ಲಿಟ್ಟಿದ್ದಾನೆ ಎನ್ನಿಸಿತು.

ಎಲೆ ತೋರಿಸಿ, “ಇದೇನಯ್ಯಾ?” ಎಂದು ಕೇಳಿಯೇ ಕೇಳಿದೆ.

ಅವನು ನೆಲ ನೋಡಿದ. “ಅದು ಈಗ ಯೋಳೋ ಮಾತಲ್ಲ ಸಾಮಿ. ಸಂಜೀಕೆ ಕೇಳಿ, ಯೋಳ್ತೀನಿ” ಎಂದು ಬಿರಬಿರನೆ ನಡೆದುಬಿಟ್ಟ.

ಖಲಾಸಿ ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ, “ಸಾರ್, ಈ ಆಳು ಸರಿ ಇಲ್ಲ ಸಾರ್. ಇಲ್ಲೇ ಪೊರಂದು ಬೆಳೆದೋನಿಗೆ ಗುರುತು ಯಾತಕ್ಕೆ? ಬೇರೆ ಯಾರಿಗೋ ಇಕ್ಕೋದು” ಎಂದ.

ನನ್ನ ಮನಸ್ಸಿನಲ್ಲಿದ್ದ ಮಾತನ್ನೇ ಅವನು ಆಡಿದ್ದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಇಬ್ಬರಿಗೂ ಒಟ್ಟಿಗೇ ಕಾಮಾಲೆ ಬಂದರೆ ಅದು ಹಳದಿಯೇ ಎಂದು ಸಾಕ್ಷಿಯೂ ಸಿಕ್ಕಂತಾಗುತ್ತದೆ.

ಅಲ್ಲಿಂದ ಮುಂದೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಆ ಮೊದಲ ಎಲೆಯಿಂದ ಹಿಡಿದು, ಅವನು ಎಲೆ ಇಟ್ಟು ಹತ್ತು ಮಾರು ಮುಂದೆ ಹೋಗುತ್ತಲೇ ನಾನು ಕಲ್ಲುಹರಳನ್ನು ಬೂಟಿನಿಂದ ಒದ್ದು, ಎಲೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾ ಬಂದೆ. ರೇಂಜರ ಮುಂದೆ ಇಡಲು ಸಾಕ್ಷಿ ಬೇಕಲ್ಲ. ಯಾವ ಎಲೆ ಎಲ್ಲಿತ್ತು ಎಂಬುದೂ ಬೇಕಿತ್ತು. ನೋಟ್‌ಬುಕ್ಕಿನಲ್ಲಿ ಬರೆದರೆ ಯಾರಾದರೂ ಓದಿಯಾರು ಎಂಬ ಅನುಮಾನ. ಹಲಗೆಯ ಕಾಗದದ ಅಂಚಿನಲ್ಲಿ ಎಳೆದ ಗೆರೆಯನ್ನು ನಾನಲ್ಲದೆ ಯಾರು ಓದಬೇಕು? ಉಸಿರು ತಿರುಗಿಸಿಕೊಳ್ಳುವ ನೆಪದಲ್ಲಿ ಹಲಗೆ ಬಿಚ್ಚಿಸಿ, ಎಲೆ ಇದ್ದ ಜಾಗದಿಂದ ಎದುರಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಪುಟ್ಟದೊಂದು ಗುಣಿಸು ಚಿಹ್ನೆ ಹಾಕುತ್ತಿದ್ದೆ. ಬೋಳು ಬಂಡೆಯನ್ನು ಏರಿ ಮುಗಿಸಿದ ಕಡೆ, ಒಂದು ಗುಂಡುಕಲ್ಲಿನ ಬೆನ್ನಿಗೆ ಆರನೆಯ ಎಲೆ ಇತ್ತು. ಅಲ್ಲಿಂದ ನೋಡಿದರೆ ಕಣಿವೆಯಾಚೆಯ ಬೆಟ್ಟದ ಸೀಳು, ಹತ್ತಿರದ ಒಂದು ಒಣಮರದ ಸರಿಯಾಗಿ ಹಿಂದೆ ಬರುತ್ತಿತ್ತು. ದೂರದ್ದೊಂದು, ಹತ್ತಿರದ್ದೊಂದು ಒಂದೇ ಸಾಲಿಗೆ ಬಂದರೆ ಸರ್ವೆಯವನಿಗೆ ಹಬ್ಬ. ಒಂದು ಹೆಜ್ಜೆ ಆಚೀಚೆಯಾದರೂ ಸಾಲು ತಪ್ಪುವುದರಿಂದ ಜಾಗ ಖಚಿತವಾಗುತ್ತದೆ. ಕಳ್ಳ ಸಿಕ್ಕಿಬಿದ್ದ ಎಂದು ಹಿಗ್ಗಿ ಆ ಗೆರೆಯನ್ನು ಒತ್ತಿ ಎಳೆದೆ. ತುದಿಯ ಹತ್ತಿರದ ಇನ್ನೊಂದು ಸೇರಿ ಒಟ್ಟು ಏಳು ಎಲೆಗಳಾದವು.

ತುದಿ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಎದುರಿನ ಶಿಖರಗಳ ಮೇಲೆ ಮೋಡ ಕೂತುಕೊಂಡು, ಬೇಕಾದ ಮೂರು ಗುರುತುಗಳಲ್ಲಿ ಒಂದು ಕಾಣದೆ ಎರಡು ಗಂಟೆ ಕಾದೆವು. ಅವನು ದೂರದ ಕಲ್ಲಿನ ಮೇಲೆ ಕೂತು ಪಡುವಣ ನೋಡುತ್ತಾ, “ಸಾಮಿ, ಬಿರ್ರನೆ ಮುಗಿಸ್ಕಳಿ, ಮಳೆ ಅದೆ” ಎಂದು ಎರಡು ಸಲ ಎಚ್ಚರಿಸಿದ. ನಮ್ಮನ್ನು ಬೇಗ ಸಾಗಹಾಕುವ ಆತುರ ಇವನಿಗೆ ಯಾಕೆ ಎಂದುಕೊಂಡು ನಾನು ಬೇಕೆಂದೇ ನಿಧಾನ ಮಾಡಿದೆ. ಕೊನೆಯ ಗೆರೆ ಎಳೆದು ಹೊದಿಕೆ ಮುಚ್ಚುವಾಗ ಗುಡುಗಿನ ಸದ್ದು ಕಾಲಡಿಗೇ ಕೇಳಿಸಿತು.

ಅಲ್ಲಿ ನಿಲ್ಲುವಂತಿರಲಿಲ್ಲ, ಬೋಳು ತುದಿಗೆ ಸಿಡಿಲು ಮೊದಲು ಬರುತ್ತದೆ. ಆ ಅವಸರದಲ್ಲಿ ತುದಿಯ ಎಲೆಯನ್ನು ಅವನು ಹುಡುಕಲೂ ಇಲ್ಲ; ಪೊದೆ ದಾಟಿ ಬಂಡೆಯ ನೆತ್ತಿಗೆ ಇಳಿದು ಬಂದೆವು. ಅಲ್ಲಿ ಅವನು ಗಕ್ಕನೆ ನಿಂತ.

ನಾನೂ ನಿಂತು ನೋಡಿದೆ. ಬೆಳಿಗ್ಗೆ ಇದೇ ಬಂಡೆಯನ್ನು ಹತ್ತಿ ಬಂದಿದ್ದೇವೆ ಎಂದು ನಂಬಲಾಗಲಿಲ್ಲ. ಹತ್ತುವಾಗ ಕಪ್ಪು ಪಟ್ಟೆ, ಬಿರುಕು, ಮೆಟ್ಟಿಲಿನಂಥ ಅಂಚು ಎಲ್ಲ ಮುಖದ ಮುಂದೆಯೇ ಇದ್ದವು. ಮೇಲಿನಿಂದ ನೋಡಿದರೆ ಒಂದೂ ಇಲ್ಲ. ಬಂಡೆ ಆನೆಯ ಬೆನ್ನಿನ ಹಾಗೆ ದುಂಡಗೆ ಬಾಗಿ, ಹತ್ತು ಮಾರಿನ ಆಚೆ ಏನಿದೆಯೆಂದು ತೋರಿಸದೆ ಮುಗಿದುಹೋಗುತ್ತಿತ್ತು. ಅಂಥ ಬೆನ್ನುಗಳು ಒಂದರ ಪಕ್ಕ ಒಂದು ಮೂರು. ಗುಂಡುಕಲ್ಲುಗಳು ಲೆಕ್ಕವಿಲ್ಲದಷ್ಟು, ಎಲ್ಲ ಒಂದೇ ತರಹ. ನನ್ನ ಕಣ್ಣಿಗೆ ಎಡಗಡೆಯದು ಎಲ್ಲಕ್ಕಿಂತ ಸಲೀಸಾಗಿ ಕಂಡಿತು.

ಅವನು ಒಂದು ಗುಂಡುಕಲ್ಲಿನ ಬೆನ್ನು ನೋಡಿದ. ಇನ್ನೊಂದರದ್ದು ನೋಡಿದ. ಬಗ್ಗಿ ನೆಲ ಸವರಿದ. “ಇಲ್ಲೇ ಇಕ್ಕಿದ್ನಲ್ಲ...” ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಮೊದಲನೆಯ ಕಲ್ಲಿಗೇ ಬಂದ. ಮೊದಲ ಹನಿಗಳು ಬಿದ್ದವು. ಬಂಡೆಯ ಮೇಲಿನ ಒಣ ಪಾಚಿ ಕರ್ರಗಾಗತೊಡಗಿತು. ಖಲಾಸಿ ತಮಿಳಿನಲ್ಲಿ ದೇವರನ್ನು ಕರೆಯುತ್ತಿದ್ದ.

ಇದು ನಾಟಕ ಎಂದೇ ನಾನು ಅಂದುಕೊಂಡೆ. ನಮ್ಮನ್ನು ಇಲ್ಲೇ ಬಿಟ್ಟು ತನ್ನ ಕಡೆಯವರನ್ನು ಸೇರಿಕೊಳ್ಳುವ ಉಪಾಯ ಇರಬೇಕು.

ಅವನು ಕಣ್ಣುಜ್ಜಿಕೊಂಡು ನನ್ನ ಕಡೆ ತಿರುಗಿದ. “ವಯಸ್ಸಾಯ್ತು ಸಾಮಿ, ಕಣ್ಣು ಕೈಕೊಟ್ಬುಡ್ತು. ಇಕ್ಕಿದ್ನೋ ಇಲ್ವೋ, ಅದೂ ಗ್ಯಾನ ಬತ್ತಿಲ್ಲ. ನೀವಿಬ್ರೂ ಇಲ್ಲೇ ಇರಿ. ನಾನು ಒಂದೊಂದಾಗಿ ಇಳ್ದು ನೋಡ್ಕಂಡು ಬತ್ತೀನಿ.”

ಎಂದವನೇ ಎಡಗಡೆಯ ಬೆನ್ನಿನ ಮೇಲೆ ಕಾಲಿಟ್ಟ. ಬೆಳಿಗ್ಗೆಯಿಡೀ ಅವನ ಹಿಂದೆ ನಡೆದಿದ್ದ ನನಗೆ ಆ ಪಾದಗಳು ಬಾಯಿಪಾಠವಾಗಿದ್ದವು. ಇಟ್ಟಲ್ಲಿ ಇಟ್ಟಂತೆ ಕೂರುವ ಪಾದ. ಈಗ ಅದೇ ಪಾದದ ಬೆರಳುಗಳು ಕುರುಡನ ಕೈಬೆರಳಿನಂತೆ ಬಂಡೆಯನ್ನು ತಡವುತ್ತಿದ್ದವು, ನಡುಗುತ್ತಿದ್ದವು. ಮುಖದಲ್ಲಿ ನಾಟಕ ಮಾಡಬಹುದು, ಕಾಲ್ಬೆರಳಿನಲ್ಲಿ ಯಾರಿಗೂ ಆಗದು. ಆ ಮನುಷ್ಯ ತನ್ನ ಕಣ್ಣನ್ನೂ ನೆನಪನ್ನೂ ಕಳೆದುಕೊಂಡೆ ಎಂದು ನಂಬಿ ಸಾಯಲು ಹೊರಟಿದ್ದ. ಅವನು ಕಳೆದುಕೊಂಡದ್ದು ನನ್ನ ಚೀಲದಲ್ಲಿತ್ತು.

“ಅಣ್ಣಾ, ನಿಲ್ಲಿ!” ಎಂದು ಕೂಗಿದೆ. ಚೀಲಕ್ಕೆ ಕೈ ಹಾಕಿ ಬಾಡಿದ ಎಲೆಗಳನ್ನು ತೆಗೆದು ಹಿಡಿದೆ. “ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಾನೇ ಎತ್ತಿಕೊಂಡು ಬಂದೆ.”

ಇಷ್ಟು ಹೊತ್ತು ಅವನು ಎಂದು ಬರೆದುಕೊಂಡು ಬಂದೆ, ಅಂದು ಮನಸ್ಸಿನಲ್ಲಿದ್ದದ್ದು ಹಾಗೇ. ಇನ್ನು ಮುಂದೆ ಹಾಗೆ ಬರೆಯಲು ಕೈ ಬರುವುದಿಲ್ಲ.

ಅವರು ಕಾಲನ್ನು ಹಿಂದಕ್ಕೆಳೆದು ಮೇಲೆ ಬಂದರು. ಎಲೆಗಳನ್ನು ಕೈಗೆ ತೆಗೆದುಕೊಂಡು ಒಂದೊಂದಾಗಿ ಎಣಿಸಿದರು. “ಏಳೂ ಅವೆ” ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ಮೊದಲು ಸಮಾಧಾನ ಕೇಳಿಸಿತು. ಆಮೇಲೆ, “ಯಾಕೆ ಸಾಮಿ?” ಎಂದರು.

“ಗಂಧದ ಕಳ್ಳರಿಗೆ ಇಟ್ಟಿದ್ದು ಅಂದುಕೊಂಡೆ.”

ಅವರು ಮಳೆಯ ಕಡೆ ನೋಡಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಈ ಬಂಡೆ ಮ್ಯಾಗಿನ ಎಲೆ ಯಾವ ಕಲ್ಮ್ಯಾಗಿತ್ತು, ಗ್ಯಾನ ಅದಾ?” ಎಂದು ಕೊನೆಗೆ ಕೇಳಿದರು. ನನಗೆ ನೆನಪಿರಲಿಲ್ಲ. ಕಲ್ಲುಗಳೆಲ್ಲ ಒಂದೇ ತರಹ ಕಾಣುತ್ತಿದ್ದವು, ಒಣಮರಗಳೂ ಎರಡು ಮೂರಿದ್ದವು. ಆದರೆ ಗೆರೆ ಇತ್ತು. ಅವರನ್ನು ಲಾಕಪ್ಪಿಗೆ ಕಳಿಸಲು ಒತ್ತಿ ಎಳೆದಿದ್ದ ಗೆರೆ, ಹಲಗೆಯ ಮೇಲೆ, ಮೇಣದ ಬಟ್ಟೆಯ ಕೆಳಗೆ. ಅದನ್ನು ಓದಬೇಕಾದರೆ ಮಳೆಯಲ್ಲಿ ಹೊದಿಕೆ ಬಿಚ್ಚಬೇಕು.

“ಬೇಡ ಸಾರ್, ಒಂದು ಮಾಸದ ಕೆಲಸ ಸಾರ್!” ಎಂದು ಖಲಾಸಿ ಹಲಗೆಯನ್ನು ಎದೆಗೆ ಅವಚಿಕೊಂಡ.

ಬಿಚ್ಚು ಎಂದೆ. ಮುಕ್ಕಾಲಿ ನಿಲ್ಲಿಸಿದೆವು. ಅವರು ತಮ್ಮ ಕಂಬಳಿಯನ್ನು ಬಿಡಿಸಿ ಒಂದು ತುದಿಯನ್ನು ಖಲಾಸಿಯ ಕೈಗೆ ಕೊಟ್ಟರು: “ಇಡ್ಕಳ್ಳಾ, ಗಟ್ಟಿಯಾಗಿಡ್ಕ.” ಇಬ್ಬರೂ ಹಲಗೆಯ ಮೇಲೆ ಚಪ್ಪರದಂತೆ ಹಿಡಿದರು. ಮೇಲಿನ ಮಳೆ ನಿಂತಿತು, ಗಾಳಿ ಹೊತ್ತು ತಂದ ಅಡ್ಡಮಳೆ ನಿಲ್ಲಲಿಲ್ಲ. ದಿಕ್ಸೂಚಿಯ ಮುಳ್ಳು ನಿಲ್ಲುವವರೆಗೆ ಕಾದೆ. ಹಲಗೆಯನ್ನು ತಿರುಗಿಸಿ ದಿಕ್ಕು ಕೂಡಿಸಿದೆ. ನೋಟದ ಪಟ್ಟಿಯನ್ನು ಆ ಗೆರೆಯ ಮೇಲಿಟ್ಟು ಕಣ್ಣು ಹಚ್ಚಿದೆ. ಬರೀ ಬಿಳಿ ಮೋಡ. ಕಾಗದದ ಮೇಲೆ ಹನಿಗಳು ಬಿದ್ದಲ್ಲೆಲ್ಲ ಗುಳ್ಳೆಯಂತೆ ಉಬ್ಬುತ್ತಿತ್ತು. ಒಂದು ಕ್ಷಣ ಗಾಳಿ ಮೋಡವನ್ನು ಸರಿಸಿತು. ಸೀಳು ಕಂಡಿತು, ಗೆರೆಗೆ ಎಲ್ಲಕ್ಕಿಂತ ಹತ್ತಿರದ ಒಣಮರ ಯಾವುದೆಂದು ತಿಳಿಯಿತು. ಆದರೆ ಸೀಳು ಮರದಿಂದ ಎಡಕ್ಕೆ ಸರಿದಿತ್ತು. ಹಾಗಾದರೆ ನಾವು ಎಡಕ್ಕೆ ಬಂದುಬಿಟ್ಟಿದ್ದೇವೆ, ಬಲಕ್ಕೆ ಹೋಗಬೇಕು.

ಮರವನ್ನೂ ಸೀಳನ್ನೂ ಬಿಡದೆ ನೋಡುತ್ತಾ ಬಂಡೆಯ ನೆತ್ತಿಯಲ್ಲೇ ಬಲಕ್ಕೆ ಹೆಜ್ಜೆ ಹಾಕಿದೆ. ಮೂವತ್ತು, ಮೂವತ್ತೈದು, ನಲವತ್ತು. ಸೀಳು ಮರದ ಹಿಂದಕ್ಕೆ ಬಂದು ಕೂತಿತು. ನನ್ನ ಕಾಲ ಬಳಿ ಒಂದು ಗುಂಡುಕಲ್ಲು. ಅದರ ಪಕ್ಕ ನಾನು ಬೆಳಿಗ್ಗೆ ಒದ್ದಿದ್ದ ಕಲ್ಲುಹರಳು ಬಿದ್ದಿತ್ತು. ಅವರು ಅದನ್ನು ಕೈಗೆತ್ತಿಕೊಂಡು ನೋಡಿ, “ಊಂ, ಇದೇ” ಎಂದರು. ಅಲ್ಲಿಂದ ಇಳಿಯುವ ಬೆನ್ನು ನನ್ನ ಕಣ್ಣಿಗೆ ಮೂರರಲ್ಲಿ ಅತಿ ಕಡಿದಾಗಿ ಕಂಡದ್ದು. ನಾನೊಬ್ಬನೇ ಇದ್ದಿದ್ದರೆ ಪ್ರಾಣ ಹೋದರೂ ಅದನ್ನು ಆರಿಸಿಕೊಳ್ಳುತ್ತಿರಲಿಲ್ಲ.

“ಬೂಟು ಬಿಚ್ಚಿ” ಎಂದರು. ಬಿಚ್ಚಿ ಕೊರಳಿಗೆ ಕಟ್ಟಿಕೊಂಡೆ. ಮೊದಲ ಹೆಜ್ಜೆಗೇ ಹೆದರಿ, ಬೆನ್ನನ್ನು ಬಂಡೆಗೆ ಒರಗಿಸಿ ಕೂತು ಜಾರಲು ನೋಡಿದೆ. ಕೆಳಗಿನಿಂದ ಗದರಿದರು.

“ಒರಗಬ್ಯಾಡಿ ಸಾಮಿ! ಒರಗಿದ್ರೆ ಪಾದ ಬುಟ್ಟೋಯ್ತದೆ. ನೆಟ್ಟಗೆ ನಿಂತ್ಕಳಿ, ಬಾರ ಎಲ್ಲ ಪಾದದ ಮ್ಯಾಕೆ ಬುಡಿ. ಕಣ್ಣು ಏನಂದ್ರೂ ಕೇಳ್ಬ್ಯಾಡಿ, ಪಾದ ಏನಂತದೆ ಕೇಳಿ.”

ಮೈಯೆಲ್ಲ ಬಂಡೆಯನ್ನು ತಬ್ಬಿಕೊ ಎನ್ನುತ್ತಿತ್ತು. ಅವರು ಬಂಡೆ ಬಿಟ್ಟು ನಿಲ್ಲು ಎನ್ನುತ್ತಿದ್ದರು. ನಿಂತೆ. ಆಶ್ಚರ್ಯವೆಂದರೆ, ನೆಟ್ಟಗೆ ನಿಂತ ಕೂಡಲೇ ಅಂಗಾಲು ಬಂಡೆಯ ಒರಟನ್ನು ಹಿಡಿದುಕೊಂಡಿತು. ಕಪ್ಪು ಪಾಚಿ ಇದ್ದಲ್ಲಿ ತಣ್ಣಗೆ, ನುಣ್ಣಗೆ. ಬರಿಗಲ್ಲು ಇದ್ದಲ್ಲಿ ಮರಳುಕಾಗದದ ಹಾಗೆ. ಬಾಗಿ ಮುಗಿದಂತೆ ಕಂಡ ಕಡೆಯಲ್ಲಿ ಬೆಳಿಗ್ಗೆಯ ಮೆಟ್ಟಿಲಂಚು ಒಂದೊಂದಾಗಿ ಕಾಲಿಗೆ ಸಿಕ್ಕಿತು. ಖಲಾಸಿ ನನ್ನ ಹಿಂದೆ, ಹಲಗೆ ಹೊತ್ತು, ಉಸಿರು ಬಿಗಿಹಿಡಿದು ಬಂದ.

ಬುಡ ಸೇರಿ ತಲೆಯೆತ್ತಿ ನೋಡಿದೆ. ನನಗೆ ಸಲೀಸು ಎಂದು ಕಂಡಿದ್ದ ಎಡಗಡೆಯ ಬೆನ್ನು, ಅವರು ಕಾಲಿಟ್ಟಿದ್ದ ಜಾಗದಿಂದ ಮೂವತ್ತು ಮಾರು ಕೆಳಗೆ ಗೋಡೆಯಂತೆ ಕತ್ತರಿಸಿಹೋಗಿತ್ತು. ಅದರ ಬುಡದಲ್ಲಿ ಮೊನಚು ಕಲ್ಲುಗಳು.

“ನಮ್ಮಪ್ಪ ಅಲ್ಲೇ ಬಿದ್ದಿದ್ದು” ಎಂದರು ಅವರು, ಕಂಬಳಿ ಹಿಂಡುತ್ತಾ. “ಕಣ್ಮುಚ್ಕಂಡು ಇಳೀತೀನಿ ಅನ್ನೋನು. ಮ್ಯಾಗಿಂದ ನೋಡಿದ್ರೆ ಆ ಬೆನ್ನು ಯಾವ್ದು ಅಂತ ನಂಗೂ ಗೊತ್ತಾಗಾಕಿಲ್ಲ. ಅತ್ತೋವಾಗ ಇರೋ ಬೆಟ್ಟ ಬ್ಯಾರೆ, ಇಳಿಯೋವಾಗ ಇರೋ ಬೆಟ್ಟ ಬ್ಯಾರೆ ಸಾಮಿ. ಅದಕ್ಕೇ ತಿರುಗಿ ತಿರುಗಿ ನೋಡ್ಕಬೇಕು. ಎಲೇನೂ ಇಳಿಯೋನ ಕಣ್ಣಿಗೇ ಇಕ್ಕಬೇಕು.”

“ಕೇಳಿದಾಗ ಇಷ್ಟು ಹೇಳಬಾರದಾಗಿತ್ತಾ ಅಣ್ಣಾ?”

“ಅತ್ತೋವಾಗ ಇಳಿಯೋ ಮಾತು ಆಡಬಾರ್ದು. ಬೆಟ್ಟ ಕೇಳಿಸ್ಕಂತದೆ ಅಂತಾರೆ ನಮ್ಮ ಕಡೆ. ಸಂಜೀಕೆ ಯೋಳ್ತೀನಿ ಅಂದಿದ್ನಲ್ಲ.” ಎಂದು ಮುಂದೆ ನಡೆದರು. ಬಂಡೆಯಿಂದ ಕೆಳಗಿನ ಕಾಡಿನಲ್ಲಿ ಅವರಿಗೆ ಎಲೆ ಬೇಕಾಗಲಿಲ್ಲ.

ಕಾಗದ ಹಾಳಾಗಿತ್ತು. ಒಣಗಿದ ಮೇಲೆ ಹಪ್ಪಳದಂತೆ ಸೊಟ್ಟಗಾಗಿ, ಗೆರೆಗಳು ಕೂಡಬೇಕಾದಲ್ಲಿ ಕೂಡಲಿಲ್ಲ. ತಂಡದ ಮುಖ್ಯಸ್ಥರು ನನ್ನನ್ನು ನಿಲ್ಲಿಸಿ ಬೈದರು. ಬೈಸಿಕೊಂಡೆ. ಅಷ್ಟೂ ಬೆಟ್ಟಗಳನ್ನು ಮತ್ತೆ ಮೊದಲಿನಿಂದ ಹತ್ತಬೇಕೆಂದು ಅಪ್ಪಣೆಯಾಯಿತು.

ಎರಡು ದಿನ ಬಿಟ್ಟು ರೇಂಜರು ಬಂದು, “ಗುರುತು ಏನಾದ್ರೂ ಕಂಡ್ವಾ?” ಎಂದು ಕೇಳಿದರು.

“ಕಂಡವು. ಎಲೆಯ ಗುರುತು. ನಮ್ಮನ್ನು ಕ್ಷೇಮವಾಗಿ ಇಳಿಸೋಕೆ ನಮ್ಮ ದಾರಿಗಾರರೇ ಇಟ್ಟಿದ್ದು.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. “ಕಣ್ಣಾರೆ ನೋಡಿದ್ರಾ?” ಎಂದರು.

“ಕಣ್ಣಲ್ಲಿ ನೋಡಿ ತಪ್ಪು ತಿಳ್ಕೊಂಡೆ. ಕಾಲಲ್ಲಿ ನಡೆದು ಸರಿ ಮಾಡ್ಕೊಂಡೆ” ಎಂದೆ. ಅವರು ಟೋಪಿ ಇಟ್ಟುಕೊಂಡು ಹೊರಟುಹೋದರು. ಆ ಊರಿಗೆ ಅವರ ಪೇದೆಗಳು ಬರಲಿಲ್ಲ.

ಮತ್ತೆ ಬೆಟ್ಟ ಹತ್ತುವ ದಿನ ದಾರಿಗಾರರು ಬರುತ್ತಾರೋ ಇಲ್ಲವೋ ಎಂದು ಬೆಳಿಗ್ಗೆಯಿಂದ ದಾರಿ ಕಾಯುತ್ತಿದ್ದೆ. ಬಂದರು. ಕಂಬಳಿ, ಮಚ್ಚು, ಸೋರೆಬುರುಡೆ. ಅವರು ಹೇಳುವ ಮೊದಲೇ ನಾನು ಬರಿಗಾಲಲ್ಲಿ ನಿಂತಿದ್ದೆ; ಅದನ್ನು ಒಂದು ಸಲ ನೋಡಿದರು. ಬೆಟ್ಟದ ಬುಡಕ್ಕೆ ಬಂದ ಮೇಲೆ ಪಕ್ಕಕ್ಕೆ ಸರಿದು ನಿಂತರು.

“ನೀವು ಮುಂದೆ ನಡೀರಿ ಸಾಮಿ. ನಾನು ಹಿಂದೆ ಬತ್ತೀನಿ.”

ಯಾಕೆಂದು ಕೇಳುವ ಮುಖ ನನಗಿರಲಿಲ್ಲ. ಹಿಂದೆ ಇರುವವನು ಏನು ಮಾಡಬಲ್ಲ ಎಂದು ಅವರಿಗೆ ತೋರಿಸಿಕೊಟ್ಟವನು ನಾನೇ. ಎಡಕ್ಕೆ, ಬಲಕ್ಕೆ ಎಂದು ಹಿಂದಿನಿಂದ ಅವರು ಹೇಳಿದಂತೆ ನಡೆದೆ. ಹಲಗೆ ಹೊತ್ತ ಖಲಾಸಿ ಎಲ್ಲರಿಗಿಂತ ಹಿಂದೆ ಬಂದ. ನೂರು ಹೆಜ್ಜೆಗೊಮ್ಮೆ ಪೂರ್ತಿ ತಿರುಗಿ ಬಂದ ದಾರಿಯನ್ನು ನೋಡಿಕೊಂಡೆ. ಎಲೆ ಕಿತ್ತು, ಮಗುಚಿ, ತೊಟ್ಟನ್ನು ಇಳಿಯುವ ಕಡೆಗೆ ಮಾಡಿ, ಕಲ್ಲಿನ ಮೇಲ್ಬದಿಗೆ ನಾನೇ ಇಟ್ಟೆ, ಮೇಲೊಂದು ಹರಳು ಹೇರಿದೆ. ಒಂದು ಕಡೆ ತೊಟ್ಟು ಸೊಟ್ಟಗಿತ್ತೆಂದು ಅವರು ಕಾಲಿನಿಂದ ಸರಿಮಾಡಿದರು. ಅಷ್ಟೇ ಮಾತುಕತೆ. ಇಳಿಯುವ ಮಾತು ನಾವಿಬ್ಬರೂ ಎತ್ತಲಿಲ್ಲ.

ಆ ದಿನ ಮೋಡವಿರಲಿಲ್ಲ. ತುದಿಯಲ್ಲಿ ಕೆಲಸ ಬೇಗ ಮುಗಿಯಿತು. ಇಳಿಯುವಾಗಲೂ ನಾನೇ ಮುಂದೆ. ತುದಿಯ ಎಲೆ ಸಿಕ್ಕಿತು. ಬಂಡೆಯ ನೆತ್ತಿಗೆ ಬಂದು ನನ್ನ ಆರನೆಯ ಎಲೆಯನ್ನು ಹುಡುಕಿದೆ. ಇರಲಿಲ್ಲ. ಪಕ್ಕದ ಗುಂಡುಕಲ್ಲು ನೋಡಿದೆ, ಅದರಾಚೆಯದು ನೋಡಿದೆ. ಇಲ್ಲ. ಬಿಸಿಲು ಚೆನ್ನಾಗಿತ್ತು, ಮಳೆಯ ಹೆದರಿಕೆಯಿರಲಿಲ್ಲ, ಆದರೂ ಬಗ್ಗಿ ನೆಲ ಸವರಿದೆ. ಇಲ್ಲೇ ಇಟ್ಟಿದ್ದೆನಲ್ಲ? ಇಟ್ಟಿದ್ದೆನೋ, ಇಡಬೇಕೆಂದುಕೊಂಡು ಮರೆತೆನೋ? ಒಣಮರ ಯಾವುದು, ಸೀಳು ಎಲ್ಲಿ ಎಂದು ನೋಡುವುದೂ ಹೊಳೆಯಲಿಲ್ಲ. ಮೂರು ಬೆನ್ನುಗಳೂ ಒಂದೇ ತರಹ ಬಾಗಿ ನನ್ನನ್ನೇ ಕಾಯುತ್ತಿದ್ದವು. ನನ್ನ ಕಣ್ಣನ್ನೇ ನಾನು ನಂಬದೆ ಎರಡು ಸಲ ಉಜ್ಜಿಕೊಂಡೆ.

ತಿರುಗಿ ನೋಡಿದೆ. ಅವರು ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದರು. ನಗುತ್ತಿರಲಿಲ್ಲ. ಮಡಚಿದ್ದ ಅಂಗೈಯನ್ನು ನಿಧಾನಕ್ಕೆ ಬಿಚ್ಚಿದರು. ನನ್ನ ಎಲೆ ಅದರಲ್ಲಿತ್ತು.

“ಅವತ್ತು ನಂಗೂ ಇಂಗೇ ಆಯ್ತು ಸಾಮಿ” ಎಂದರು.

ನನಗೆ ಕಣ್ಣು ತುಂಬಿ ಬಂತು. ಅವರು ಮುಂದೆ ಬಂದು, ಎಲೆಯನ್ನು ಅದರ ಕಲ್ಲಿನ ಮೇಲೆ ಮೊದಲಿದ್ದಂತೆಯೇ ಮಗುಚಿ ಇಟ್ಟು, ಹರಳು ಹೇರಿ, ನನ್ನನ್ನು ದಾಟಿ ಬಂಡೆಯ ಮೇಲೆ ಕಾಲಿಟ್ಟರು. ಆ ದಿನದಿಂದ ಕ್ಯಾಂಪು ಎತ್ತುವವರೆಗೂ ಅವರು ಮುಂದೆ, ನಾನು ಹಿಂದೆ ನಡೆದೆವು.